ಹೆಗಲಿಗೆ ಹಗುರ, ಕಣ್ಣಿಗೆ ಕಿರಿದು

ಲ್ಯಾಪ್‌ಟಾಪಿನ ನಿಜವಾದ ತೂಕ ಅಂಗಡಿಯಲ್ಲಿ ಗೊತ್ತಾಗುವುದಿಲ್ಲ. ಅಲ್ಲಿ ಅದು ಮೇಜಿನ ಮೇಲೆ ತೆರೆದು ಕೂತಿರುತ್ತದೆ, ಯಾರೂ ಎತ್ತಿಕೊಂಡು ಹೋಗದಂತೆ ಬೆನ್ನಿಗೊಂದು ತಂತಿ ಬಿಗಿದಿರುತ್ತಾರೆ, ಪಕ್ಕದ ಚೀಟಿಯಲ್ಲಿ ‘2.3 ಕೆ.ಜಿ.’ ಎಂದಿರುತ್ತದೆ. ಚೀಟಿ ಸುಳ್ಳು ಹೇಳುವುದಿಲ್ಲ, ಪೂರ್ತಿ ಹೇಳುವುದೂ ಇಲ್ಲ. ಚಾರ್ಜರು ಇನ್ನೂ ಡಬ್ಬಿಯೊಳಗಿದೆ. ಗೇಮಿಂಗ್ ಲ್ಯಾಪ್‌ಟಾಪಿನದಾದರೆ ಅದು ಅನೇಕ ಸಲ 230 ವಾಟ್‌ನದ್ದೋ ಅದಕ್ಕೂ ಮೇಲಿನದ್ದೋ ಆಗಿರುತ್ತದೆ. ಅಂಗೈ ಮೀರುವ ಉದ್ದ, ಎರಡು ಕಡೆ ದಪ್ಪ ವೈರು, ಎಲ್ಲ ಸೇರಿ ಮುಕ್ಕಾಲು ಕಿಲೋ ಆಸುಪಾಸು. ಬ್ಯಾಗಿಗೆ ತುರುಕಿ ಜಿಪ್ ಎಳೆದರೆ ಮೂರು ಕಿಲೋ. ಅದರ ಮೇಲೆ ಊಟದ ಡಬ್ಬಿ, ನೀರಿನ ಬಾಟಲಿ, ಮಳೆಗಾಲವಾದರೆ ರೇನ್‌ಕೋಟು.

ಸಿಇಟಿ ಸೀಟು ಹಂಚಿಕೆ ಮುಗಿಯುವ ಹೊತ್ತಿಗೆ ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಳೆದ ಹಂಗಾಮಿನಲ್ಲಿ ಅಲ್ಲಿನ ಒಂದು ಅಂಗಡಿಯಲ್ಲಿ ನಿಂತಿದ್ದಾಗ ಕಿವಿಗೆ ಬಿದ್ದ ಮಾತಿದು. ಹುಬ್ಬಳ್ಳಿ ಕಡೆಯ ತಂದೆಯೊಬ್ಬರು, ಜೊತೆಗೆ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕ ಮಗಳು.

“ದೊಡ್ಡ ಸ್ಕ್ರೀನ್ ಇರೋದ ತೋರಸ್ರಿ. ಸಣ್ಣದ್ರಾಗ ನೋಡಿ ನೋಡಿ ಕಣ್ಣ ಹಾಳಾಗ್ತಾವ.”

“ಸ್ಕ್ರೀನ್ ಬಿಡಿ ಸಾರ್, ಇಂಜಿನಿಯರಿಂಗ್ ಅಂದ್ರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಇದನ್ನ ತಗೊಳ್ಳಿ, ನಾಲ್ಕು ವರ್ಷ ತಿರುಗಿ ನೋಡೋ ಹಾಗಿಲ್ಲ.”

“ಅಪ್ಪಾ, ದಿನಾ ಬಸ್ಸಿನ್ಯಾಗ ಹೊತ್ಕೊಂಡ ಹೋಗಾಕಿ ನಾನು.”

ಮೂವರದೂ ಸರಿಯೇ. ತಂದೆ ಕಣ್ಣಿನ ಪರ, ಅಂಗಡಿ ಹುಡುಗ ಕಸುವಿನ ಪರ, ಮಗಳು ಹೆಗಲಿನ ಪರ. ಲ್ಯಾಪ್‌ಟಾಪ್ ಕೊಳ್ಳುವ ಪ್ರತಿ ಮನೆಯಲ್ಲೂ ನಡೆಯುವ ಜಗ್ಗಾಟ ಇದೇ, ಒಬ್ಬರೇ ಕೊಂಡರೆ ತಲೆಯೊಳಗೆ ನಡೆಯುತ್ತದೆ ಅಷ್ಟೆ. ‘ನಿಮ್ಮ ಅಗತ್ಯ ನೋಡಿಕೊಂಡು ಕೊಳ್ಳಿ’ ಎಂದು ಬರೆದು ಕೈತೊಳೆದುಕೊಳ್ಳಬಹುದು, ಆದರೆ ಅದು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಬಜೆಟ್ಟು, ಬ್ರ್ಯಾಂಡು ಎಲ್ಲ ಆಮೇಲೆ ಕೇಳಬಹುದು. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ್ದು ಒಂದೇ: ಭಾರದ ಕೆಲಸವನ್ನು ಎಲ್ಲಿ ಕೂತು ಮಾಡುತ್ತೀರಿ, ಅಲ್ಲಿ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇದೆಯೇ?

ಕಾರಣ ಆಮೇಲೆ ಹೇಳುತ್ತೇನೆ. ಮೊದಲು ಸ್ವಲ್ಪ ಹಿಂದೆ ಹೋಗಬೇಕು.

ಅಮೆರಿಕದಲ್ಲಿ ಆಡಂ ಆಸ್ಬಾರ್ನ್ ಎಂಬಾತ 1981ರ ಏಪ್ರಿಲ್‌ನಲ್ಲಿ ‘ಆಸ್ಬಾರ್ನ್ 1’ ಎಂಬ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದ. ಬೆಲೆ 1,795 ಡಾಲರ್, ತೂಕ ಸುಮಾರು 11 ಕಿಲೋ. ಹಿಡಿಕೆ ಇತ್ತು, ಎತ್ತಿಕೊಂಡು ಹೋಗಬಹುದಿತ್ತು, ವಿಮಾನದ ಸೀಟಿನ ಕೆಳಗೆ ಹಿಡಿಸುತ್ತಿತ್ತು. ಬ್ಯಾಟರಿ ಇರಲಿಲ್ಲ. ಇಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಪರದೆ ಬರೀ 5 ಇಂಚು; ಒಂದು ಸಾಲಿನಲ್ಲಿ 52 ಅಕ್ಷರ ಮಾತ್ರ ಕಾಣುತ್ತಿದ್ದವು, ಉಳಿದದ್ದನ್ನು ನೋಡಲು ಪಕ್ಕಕ್ಕೆ ಸರಿಸಬೇಕಿತ್ತು. ಇವತ್ತು ನಮ್ಮ ಜೇಬಿನ ಫೋನಿನ ಪರದೆ ಅದಕ್ಕಿಂತ ದೊಡ್ಡದು.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದರ ಎರಡು ವರ್ಷದ ಆಮೇಲಿನ ಇನ್ನೊಂದು ಯಂತ್ರ. ರೇಡಿಯೋ ಶ್ಯಾಕ್ ಅಂಗಡಿಗಳ ಮೂಲಕ 1983ರಲ್ಲಿ ಮಾರಾಟಕ್ಕೆ ಬಂದ ‘ಟಿಆರ್‌ಎಸ್-80 ಮಾಡೆಲ್ 100’. ತಯಾರಿಸಿದ್ದು ಜಪಾನಿನ ಕ್ಯೋಸೆರಾ. ಮಡಚುವ ಪರದೆ ಇಲ್ಲ. ಒಳ್ಳೆಯ ಕೀಲಿಮಣೆ, ಅದರ ಮೇಲ್ಭಾಗದಲ್ಲಿ ಒಂದು ಪಟ್ಟಿಯಷ್ಟು ಎಲ್‌ಸಿಡಿ: ಎಂಟು ಸಾಲು, ಸಾಲಿಗೆ 40 ಅಕ್ಷರ. ಟಾರ್ಚಿಗೆ ಹಾಕುವ ನಾಲ್ಕು ಎಎ ಸೆಲ್ಲಿನಲ್ಲಿ ಸುಮಾರು 20 ಗಂಟೆ ನಡೆಯುತ್ತಿತ್ತು. ಒಳಗೇ ಮೋಡೆಮ್ ಇತ್ತು. ಅಮೆರಿಕದ ಪತ್ರಕರ್ತರು ಇದನ್ನು ಎದೆಗವಚಿಕೊಂಡರು. ಕ್ರೀಡಾಂಗಣದ ಗ್ಯಾಲರಿಯಲ್ಲಿ ಕೂತು ವರದಿ ಟೈಪ್ ಮಾಡಿ, ಟೆಲಿಫೋನ್ ತಂತಿಗೆ ಜೋಡಿಸಿ ಕಚೇರಿಗೆ ಕಳಿಸುತ್ತಿದ್ದರು. ತಾನು ಸ್ವತಃ ಕೂತು ಹೆಚ್ಚಿನ ಪಾಲು ಕೋಡ್ ಬರೆದ ಕೊನೆಯ ಉತ್ಪನ್ನ ಇದೇ ಎಂದು ಬಿಲ್ ಗೇಟ್ಸ್ ಮುಂದೆ ಹೇಳಿಕೊಂಡದ್ದುಂಟು.

ಅದರ ತೂಕ 1.4 ಕಿಲೋ. ಇವತ್ತು ತೆಳು ಲ್ಯಾಪ್‌ಟಾಪ್ ಎಂದು ಮಾರುವ ಹೆಚ್ಚಿನವು 1.2ರಿಂದ 1.4 ಕಿಲೋ ಒಳಗೇ ಬರುತ್ತವೆ. ನಾಲ್ಕು ದಶಕದಲ್ಲಿ ಚಿಪ್ಪು, ಮೆಮೊರಿ, ಪರದೆ ಎಲ್ಲ ಗುರುತು ಸಿಗದಷ್ಟು ಬದಲಾದವು. ಮನುಷ್ಯನ ಹೆಗಲು ಮಾತ್ರ ಅದೇ ಇದೆ. ಆ ಪತ್ರಕರ್ತರು ಪರದೆಯನ್ನೂ ಕಸುವನ್ನೂ ಬಿಟ್ಟುಕೊಟ್ಟು ಹಗುರವನ್ನೂ ಸೆಲ್ಲಿನ ಆಯುಷ್ಯವನ್ನೂ ಪಡೆದರು. ಎಂಟು ಸಾಲಿನ ಕಿಂಡಿಯಲ್ಲಿ ಎಂಟುನೂರು ಪದ ಬರೆದರು. ಅವರ ಭಾರದ ಕೆಲಸ, ಅಂದರೆ ಪುಟ ಕಟ್ಟುವುದು, ಕಚೇರಿಯಲ್ಲಿ ಬೇರೆಯವರು ಬೇರೆ ಯಂತ್ರದಲ್ಲಿ ಮಾಡುತ್ತಿದ್ದರು.

ಪರದೆಯ ವಿಚಾರಕ್ಕೆ ಬರೋಣ. ಇಲ್ಲಿ ಇಂಚಿನ ಲೆಕ್ಕವೇ ಜನರ ಕಣ್ಣು ಕಟ್ಟುತ್ತದೆ. ಪರದೆಯನ್ನು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. 13.3 ಇಂಚಿಗೂ 15.6 ಇಂಚಿಗೂ ಇರುವ ಅಂತರ ಬರೀ 2.3 ಇಂಚು ಎನಿಸುತ್ತದೆ, ಆದರೆ ವಿಸ್ತೀರ್ಣ ತೆಗೆದರೆ ಎರಡನೆಯದು ಮೊದಲಿನದಕ್ಕಿಂತ ಶೇ 38ರಷ್ಟು ದೊಡ್ಡದು. ಇನ್ನೊಂದು ಸೂಕ್ಷ್ಮ, ಆಕಾರದ್ದು. ಹಲವು ವರ್ಷ ಬಹುಪಾಲು ಲ್ಯಾಪ್‌ಟಾಪ್‌ಗಳು ಟಿ.ವಿ.ಯ 16:9 ಅಳತೆಗೆ ಜೋತುಬಿದ್ದಿದ್ದವು. ಸಿನಿಮಾ ನೋಡಲು ಚೆನ್ನ, ಪುಟ ಓದಲು ಕುಳ್ಳು. ಈಗ 16:10 ಮತ್ತೆ ಬಂದಿದೆ. 16:10ರ 14 ಇಂಚಿನ ಪರದೆಯ ಎತ್ತರ 18.8 ಸೆಂಟಿಮೀಟರ್, ಹಳೆಯ 16:9ರ 15.6 ಇಂಚಿನ ಪರದೆಯದು 19.4. ಅರ್ಧ ಸೆಂಟಿಮೀಟರಿನಷ್ಟು ವ್ಯತ್ಯಾಸ. ಬರೆಯುವವರಿಗೆ, ಓದುವವರಿಗೆ, ಕೋಡ್ ಮಾಡುವವರಿಗೆ ಬೇಕಾದ್ದು ಎತ್ತರ. ಇಂಥ 14 ಇಂಚು ಸಿಕ್ಕರೆ ದೊಡ್ಡದರ ಮುಕ್ಕಾಲು ಸುಖ ಸಣ್ಣದರ ತೂಕದಲ್ಲೇ ಸಿಕ್ಕಂತೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಈ ಎತ್ತರದ ಮಾತು ಇನ್ನೂ ಹೆಚ್ಚು ತಟ್ಟುತ್ತದೆ. ನಮ್ಮ ಲಿಪಿ ಕೆಳಕ್ಕೆ ಬೆಳೆಯುವ ಲಿಪಿ. ಒತ್ತಕ್ಷರ ಅಕ್ಷರದ ಪಾದದಲ್ಲಿ ಕೂರುತ್ತದೆ, ‘ರಾಷ್ಟ್ರ’ದಂಥ ಪದದಲ್ಲಿ ಒತ್ತಿಗೆ ಇನ್ನೊಂದು ಒತ್ತು. ಅದಕ್ಕೆಂದೇ ಕನ್ನಡ ಫಾಂಟುಗಳು ಸಾಲಿನ ನಡುವೆ ಹೆಚ್ಚು ಜಾಗ ಬಿಡುತ್ತವೆ, ಅದೇ ಗಾತ್ರದಲ್ಲಿ ಇಂಗ್ಲಿಷಿಗಿಂತ ಕಡಿಮೆ ಸಾಲು ಕಾಣುತ್ತವೆ. ಅಕ್ಷರ ಚಿಕ್ಕದು ಮಾಡಿಕೊಂಡರಾಯಿತು ಎಂದರೆ, ಕರಡು ತಿದ್ದುವವರನ್ನು ಕೇಳಿ. ‘ಬುದ್ದಿ’ಗೂ ‘ಬುದ್ಧಿ’ಗೂ ಇರುವ ಅಂತರ ಒತ್ತಿನ ಕೆಳಗಿನ ಒಂದು ಸೀಳು. 13 ಇಂಚಿನ ಪರದೆಯಲ್ಲಿ, ಚಾಳೀಸು ಮೂಗಿನ ತುದಿಗೆ ಜಾರಿದ ಹೊತ್ತಿನಲ್ಲಿ, ಆ ಸೀಳು ಇದೆಯೋ ಇಲ್ಲವೋ ಎಂದು ಪತ್ತೆ ಮಾಡಲು ಪುಟವನ್ನು ಹಿಗ್ಗಿಸಬೇಕು. ಹಿಗ್ಗಿಸಿದರೆ ಅರ್ಧ ಪುಟವೂ ಕಾಣದು.

‘ಎರಡೂ ಫುಲ್ ಎಚ್‌ಡಿ ತಾನೇ, ಅಷ್ಟೇ ಹಿಡಿಸುತ್ತದೆ’ ಎಂದು ಅಂಗಡಿಯವರು ಹೇಳುವುದುಂಟು. ಕಾಗದದ ಮೇಲೆ ನಿಜ. ಆದರೆ 14 ಇಂಚಿನಲ್ಲಿ 1920×1080 ಚುಕ್ಕಿಗಳನ್ನು ಹಾಗೇ ಬಿಟ್ಟರೆ ಅಕ್ಷರ ಇರುವೆಯಷ್ಟಾಗುತ್ತದೆ. ವಿಂಡೋಸ್‌ನಲ್ಲಿ ಶೇ 150ಕ್ಕೆ ಏರಿಸಿಕೊಂಡರೆ ಕೆಲಸಕ್ಕೆ ಸಿಗುವ ಜಾಗ 1280×720ಕ್ಕೆ ಇಳಿಯುತ್ತದೆ. 15.6 ಇಂಚಿನಲ್ಲಿ ಶೇ 125 ಸಾಕಾದೀತು, ಆಗ 1536×864 ಉಳಿಯುತ್ತದೆ. ಎಕ್ಸೆಲ್‌ನಲ್ಲಿ ಕಣ್ಣಿಗೆ ಬೀಳುವ ಸಾಲುಗಳು ಅಷ್ಟರಮಟ್ಟಿಗೆ ಹೆಚ್ಚು.

15.6 ಇಂಚಿಗೆ ಇನ್ನೊಂದು ಬಲವಾದ ಕಾರಣವಿದೆ, ಅದನ್ನು ಯಾವ ಜಾಹೀರಾತೂ ಹೇಳುವುದಿಲ್ಲ: ನಂಬರ್ ಪ್ಯಾಡ್. ನಮ್ಮ ಊರುಗಳ ಆಡಿಟರ್ ಕಚೇರಿಗೆ ಹೋಗಿ ನೋಡಿ. ಬೆಂಗಳೂರಿನ ಕಂಪನಿಯ ಟ್ಯಾಲಿ ತಂತ್ರಾಂಶ ತೆರೆದು ಕೂತ ಗುಮಾಸ್ತರ ಬಲಗೈ ನಂಬರ್ ಪ್ಯಾಡ್ ಬಿಟ್ಟು ಕದಲುವುದಿಲ್ಲ. ನೋಡದೆಯೇ ಅಂಕಿ ಒತ್ತುತ್ತಾರೆ. ಅವರಿಗೆ 14 ಇಂಚಿನ ತೆಳು ಯಂತ್ರ ಕೊಟ್ಟರೆ ಶಿಕ್ಷೆ. ಬರೀ ಬರಹದವರಿಗೆ ಅದೇ ಪ್ಯಾಡು ಅಡ್ಡಿ. ಅದರಿಂದಾಗಿ ಉಳಿದ ಕೀಲಿಗಳೆಲ್ಲ ಎಡಕ್ಕೆ ಸರಿದು, ದಿನವಿಡೀ ಪರದೆಯ ನಡುವಿಗೆ ಓರೆಯಾಗಿ ಕೂತು ಟೈಪ್ ಮಾಡಬೇಕು.

ಕೀಲಿಮಣೆಯ ಮಾತು ಬಂದದ್ದಕ್ಕೆ ಒಂದು ಪಕ್ಕದ ಕಥೆ. ಐಬಿಎಂ 1995ರಲ್ಲಿ ತಂದ ಥಿಂಕ್‌ಪ್ಯಾಡ್ 701ರಲ್ಲಿ ಕೀಲಿಮಣೆ ಯಂತ್ರಕ್ಕಿಂತ ಅಗಲವಿತ್ತು. ಪರದೆ 10.4 ಇಂಚು, ಅದರ ಅಗಲಕ್ಕೆ ಸರಿಯಾದ ಕೀಲಿಗಳು ಹಿಡಿಸುತ್ತಿರಲಿಲ್ಲ. ಜಾನ್ ಕ್ಯಾರಿಡಿಸ್ ಎಂಬ ಇಂಜಿನಿಯರ್ ಕೀಲಿಮಣೆಯನ್ನು ಎರಡು ತುಂಡು ಮಾಡಿ, ಮುಚ್ಚಳ ತೆರೆದೊಡನೆ ಎರಡೂ ಪಕ್ಕಕ್ಕೆ ಚಾಚಿಕೊಂಡು ಜೋಡಿಯಾಗುವಂತೆ ಮಾಡಿದರು. ಚಿಟ್ಟೆ ಎಂದೇ ಹೆಸರಾಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅದಕ್ಕೆ ಜಾಗವೂ ಸಿಕ್ಕಿತು. ಅಷ್ಟರಲ್ಲಿ ಪರದೆಗಳೇ ಅಗಲವಾದವು, ಚಿಟ್ಟೆಗೆ ಕೆಲಸ ಉಳಿಯಲಿಲ್ಲ.

ಇನ್ನು ಕಸುವು. ಪ್ರೊಸೆಸರ್ ಓಡುವುದೆಂದರೆ ವಿದ್ಯುತ್ತು ಶಾಖವಾಗುವುದು. ವೇಗ ಹೆಚ್ಚಿಸಲು ಒತ್ತಡವನ್ನೂ, ಅಂದರೆ ವೋಲ್ಟೇಜನ್ನೂ, ಏರಿಸಬೇಕಾಗುತ್ತದೆ. ಖರ್ಚಾಗುವ ವಿದ್ಯುತ್ತು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಏರುತ್ತದೆ. ಹಾಗಾಗಿ ಕೊನೆಯ ಸ್ವಲ್ಪ ವೇಗಕ್ಕೆ ತೆರುವ ಬೆಲೆ ವಿಪರೀತ. ಆ ಶಾಖವನ್ನು ತಾಮ್ರದ ಕೊಳವೆ ಎಳೆದುಕೊಂಡು ತೆಳು ರೆಕ್ಕೆಗಳಿಗೆ ಒಪ್ಪಿಸುತ್ತದೆ, ಫ್ಯಾನು ಹೊರಗೆ ಊದುತ್ತದೆ. ತಾಮ್ರಕ್ಕೆ ತೂಕವಿದೆ, ಗಾಳಿಗೆ ದಾರಿ ಬೇಕು. ಯಂತ್ರ ತೆಳುವಾದಷ್ಟೂ ಇವೆರಡಕ್ಕೂ ಜಾಗವಿಲ್ಲ. ಆಗ ಏನಾಗುತ್ತದೆ? ವಿಡಿಯೊ ಎಡಿಟಿಂಗ್ ಮುಗಿಸಿ ಎಕ್ಸ್‌ಪೋರ್ಟ್ ಒತ್ತಿದ ಮೊದಲೆರಡು ನಿಮಿಷ ಯಂತ್ರ ಓಟ ಕೀಳುತ್ತದೆ, ಫ್ಯಾನಿನ ಸದ್ದು ಸೀಟಿಗೆ ಏರುತ್ತದೆ, ಕೀಲಿಮಣೆಯ ಮೇಲ್ಭಾಗ ಬೆರಳಿಡಲಾಗದಷ್ಟು ಕಾಯುತ್ತದೆ, ಆಮೇಲೆ ವೇಗ ತಾನಾಗಿ ಇಳಿಯುತ್ತದೆ. ಮುಂದಿನ ಅರ್ಧ ಗಂಟೆ ಅದೇ ಇಳಿದ ವೇಗ. ನೀವು ದುಡ್ಡು ಕೊಟ್ಟದ್ದು ಆ ಮೊದಲೆರಡು ನಿಮಿಷಕ್ಕೆ.

ಇದನ್ನು ಮೊದಲೇ ಅಂದಾಜು ಮಾಡಲು ಚಿಪ್ಪಿನ ಹೆಸರಿಗಿಂತ ವಾಟ್ ನೋಡುವುದು ಒಳ್ಳೆಯದು. ಇಂಟೆಲ್ ಹೆಸರುಗಳ ಕೊನೆಗೆ ‘ಯು’ ಇದ್ದರೆ ಸಾಮಾನ್ಯವಾಗಿ 15 ವಾಟ್ ತಳಹದಿಯದು, ‘ಎಚ್’ ಆದರೆ 45, ‘ಎಚ್‌ಎಕ್ಸ್’ ಆದರೆ 55. ಗ್ರಾಫಿಕ್ಸ್ ಕಾರ್ಡಿನಲ್ಲಿ ಮೋಸ ಹೋಗುವುದು ಇನ್ನೂ ಸುಲಭ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಕಾರ್ಡು 35 ವಾಟ್‌ನಿಂದ 115 ವಾಟ್‌ವರೆಗೆ ಯಾವುದಾದರೂ ಆಗಿರಬಹುದು, ಯಂತ್ರ ತಯಾರಿಸಿದವರು ಎಷ್ಟಕ್ಕೆ ಕಟ್ಟಿಹಾಕಿದ್ದಾರೋ ಅಷ್ಟು. ತೆಳು ಯಂತ್ರದ 4060 ದಪ್ಪ ಯಂತ್ರದ 4060ಯ ಹಿಂದೆಯೇ ಉಳಿಯುತ್ತದೆ. ಚೀಟಿಯಲ್ಲಿ ಮಾತ್ರ ಇಬ್ಬರಿಗೂ ಒಂದೇ ಹೆಸರು.

ಈಗ ಪ್ಲಗ್ ಪಾಯಿಂಟಿಗೆ ಬರುತ್ತೇನೆ. ವಿಮಾನದ ಕ್ಯಾಬಿನ್ನಿಗೆ ಯಾರ ಅಪ್ಪಣೆಯೂ ಇಲ್ಲದೆ ಒಯ್ಯಬಹುದಾದ ಲಿಥಿಯಂ ಬ್ಯಾಟರಿಯ ಮಿತಿ 100 ವಾಟ್-ಅವರ್. ಅದರಾಚೆ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಅದಕ್ಕೇ ಅತಿ ದೊಡ್ಡ ಲ್ಯಾಪ್‌ಟಾಪ್‌ಗಳ ಬ್ಯಾಟರಿಯೂ 99 ಚಿಲ್ಲರೆಗೆ ಬಂದು ನಿಲ್ಲುತ್ತದೆ. ಗೇಮಿಂಗ್ ಯಂತ್ರ ಪೂರ್ತಿ ಕಸುವಿನಲ್ಲಿ ಓಡುವಾಗ 150 ವಾಟ್ ಎಳೆಯುತ್ತದೆ ಎಂದುಕೊಳ್ಳಿ. 100 ವಾಟ್-ಅವರ್ ಬ್ಯಾಟರಿ ನಲವತ್ತು ನಿಮಿಷಕ್ಕೆ ಖಾಲಿ. ಅಷ್ಟು ವೇಗವಾಗಿ ಬ್ಯಾಟರಿ ಹಿಂಡುವುದೂ ಕ್ಷೇಮವಲ್ಲವಾದ್ದರಿಂದ, ಚಾರ್ಜರ್ ಕಿತ್ತ ಕೂಡಲೇ ಇಂಥ ಯಂತ್ರಗಳು ತಾವಾಗಿಯೇ ಕಸುವನ್ನು ತಗ್ಗಿಸಿಕೊಳ್ಳುತ್ತವೆ. ಇತ್ತ ತೆಳು ಯಂತ್ರ ಬರಹ, ಬ್ರೌಸಿಂಗ್‌ನಂಥ ಕೆಲಸದಲ್ಲಿ 6 ವಾಟ್ ಸುತ್ತ ಎಳೆದರೆ 50 ವಾಟ್-ಅವರ್‌ನಲ್ಲೇ ಎಂಟು ಗಂಟೆ ಬಾಳುತ್ತದೆ.

ಅಂದರೆ ದಪ್ಪ ಲ್ಯಾಪ್‌ಟಾಪಿನ ಕಸುವು ಗೋಡೆಯ ಪಕ್ಕದಲ್ಲಿ ಮಾತ್ರ ಇರುವಂಥದ್ದು. ಮೆಟ್ರೋದಲ್ಲಿ, ಬಸ್ಸಿನಲ್ಲಿ, ಕ್ಲಾಸಿನ ಹಿಂದಿನ ಬೆಂಚಿನಲ್ಲಿ ನೀವು ಹೊತ್ತದ್ದು ಅದರ ತೂಕವನ್ನಷ್ಟೇ. ಭಾರದ ಕೆಲಸ ಮನೆಯ ಒಂದೇ ಮೇಜಿನಲ್ಲಿ ನಡೆಯುವುದಾದರೆ ಆ ಕಸುವು ಮೇಜಿನ ಮೇಲೇ ಇರಲಿ, ದಿನವೂ ಊರು ಸುತ್ತಿಸುವುದೇಕೆ?

ಈ ಮಾತಿಗೆ ಒಂದು ಅಪವಾದ 2020ರ ನವೆಂಬರ್‌ನಲ್ಲಿ ಬಂತು. ಆಪಲ್‌ನ ಎಂ1 ಚಿಪ್ಪು. ಅದನ್ನು ಹಾಕಿದ ಮ್ಯಾಕ್‌ಬುಕ್ ಏರ್‌ನಲ್ಲಿ ಫ್ಯಾನೇ ಇರಲಿಲ್ಲ, ಪ್ಲಗ್ ಕಿತ್ತರೂ ವೇಗ ತಗ್ಗುತ್ತಿರಲಿಲ್ಲ. ಆಮೇಲೆ ಕ್ವಾಲ್‌ಕಾಮ್‌ನ ಚಿಪ್ಪುಗಳು ವಿಂಡೋಸ್‌ನಲ್ಲೂ ಆ ದಾರಿ ಹಿಡಿದವು. ಸಿವಿಲ್, ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಮಾತ್ರ ಇಲ್ಲಿ ದುಡುಕಬಾರದು. ಅವರಿಗೆ ಬೇಕಾದ ರೆವಿಟ್‌ನಂಥ ತಂತ್ರಾಂಶ ಇಂಟೆಲ್ ಥರದ ಚಿಪ್ಪಿನ ಮಾಮೂಲಿ ವಿಂಡೋಸ್‌ಗೆಂದೇ ಬರೆದದ್ದು.

ಗಾತ್ರ ಮತ್ತು ತೂಕವನ್ನು ಬೇರೆ ಮಾಡುವ ಪ್ರಯತ್ನಗಳೂ ನಡೆದಿವೆ. ಎಲ್‌ಜಿಯ ಗ್ರಾಮ್ 17 ಮೆಗ್ನೀಸಿಯಂ ಮಿಶ್ರಲೋಹದ ಮೈಯಲ್ಲಿ 17 ಇಂಚಿನ ಪರದೆ ಹೊತ್ತೂ 1.35 ಕಿಲೋ ಆಸುಪಾಸಿನಲ್ಲಿದೆ. ಕಣ್ಣಿಗೂ ಹೆಗಲಿಗೂ ಒಪ್ಪಿಗೆ. ಕಸುವು ತೆಳು ಯಂತ್ರದ್ದೇ, ಮತ್ತು ನಮ್ಮ ಸಾಮಾನ್ಯ ಬ್ಯಾಗುಗಳಿಗೆ ಅದು ಇಳಿಯುವುದಿಲ್ಲ. ಅತ್ತ ತುದಿಯಲ್ಲಿ ಏಸರ್ 2017ರಲ್ಲಿ ಮಾರಿದ ಪ್ರಿಡೇಟರ್ 21 ಎಕ್ಸ್: 21 ಇಂಚಿನ ಬಾಗಿದ ಪರದೆ, ಎಂಟು ಕಿಲೋಗೂ ಮಿಕ್ಕಿದ ತೂಕ, 8,999 ಡಾಲರ್. ಅದನ್ನು ತೊಡೆಯ ಮೇಲೆ ಇಟ್ಟುಕೊಂಡವರು ಇದ್ದಾರೆಂದು ನಾನು ನಂಬುವುದಿಲ್ಲ. ಗುಂಡಿ ಒತ್ತಿದರೆ 14 ಇಂಚಿನ ಪರದೆ ಮೇಲಕ್ಕೆ ಬೆಳೆದು 16.7 ಇಂಚಾಗುವ ಲ್ಯಾಪ್‌ಟಾಪನ್ನು ಲೆನೊವೊ 2025ರಲ್ಲಿ ತೋರಿಸಿತು. ಬೆಲೆ ಕೇಳಿದರೆ ಇಬ್ಬರು ಮಕ್ಕಳಿಗೂ ಬೇರೆ ಬೇರೆ ಲ್ಯಾಪ್‌ಟಾಪ್ ಕೊಡಿಸಬಹುದು ಎನಿಸುತ್ತದೆ.

ಹಾಗಾದರೆ ದಪ್ಪದ್ದನ್ನು ಯಾರೂ ಕೊಳ್ಳಬಾರದೆ? ಕೊಳ್ಳಬೇಕಾದವರು ಇದ್ದಾರೆ, ಅವರು ಹಾಸ್ಟೆಲ್ಲಿನಲ್ಲೂ ಪಿ.ಜಿ.ಯಲ್ಲೂ ಇರುವವರು. ಒಂದು ಕೋಣೆಯಲ್ಲಿ ಮೂರು ಮಂಚ, ಮೇಜೇ ಇಲ್ಲ. ಡೆಸ್ಕ್‌ಟಾಪ್ ಇಡುವುದೆಲ್ಲಿ? ವರ್ಷಕ್ಕೊಮ್ಮೆ ರೂಮು ಬದಲು, ರಜೆಗೆ ರಾತ್ರಿ ಬಸ್ಸಿನಲ್ಲಿ ಊರು. ಓದುವುದು ಆರ್ಕಿಟೆಕ್ಚರೋ ಅನಿಮೇಶನ್ನೋ ಆಗಿದ್ದು, ಕಾಲೇಜು ನಡೆದು ಹೋಗುವಷ್ಟು ಹತ್ತಿರವಿದ್ದರೆ ದಪ್ಪ ಲ್ಯಾಪ್‌ಟಾಪೇ ಅವರ ಡೆಸ್ಕ್‌ಟಾಪು. ಅದಕ್ಕೆ ಇನ್ನೊಂದು ಲಾಭವಿದೆ: ಅಂಥವುಗಳಲ್ಲಿ ರ‍್ಯಾಮ್ ಹಾಕಲು ಹೆಚ್ಚಾಗಿ ಸ್ಲಾಟ್ ಇರುತ್ತದೆ. ಎರಡು ವರ್ಷದ ಮೇಲೆ ಎಸ್‌.ಪಿ. ರಸ್ತೆಗೋ ತಮ್ಮೂರಿನ ರಿಪೇರಿ ಅಂಗಡಿಗೋ ಹೋಗಿ 8 ಜಿಬಿಯನ್ನು 16 ಮಾಡಿಸಿಕೊಂಡು ಬರಬಹುದು. ತೆಳು ಯಂತ್ರಗಳಲ್ಲಿ ಬಹುಪಾಲು ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಕೊಳ್ಳುವ ದಿನ ಎಷ್ಟಿತ್ತೋ ಕೊನೆಯವರೆಗೂ ಅಷ್ಟೇ, ಆದ್ದರಿಂದ 16 ಜಿಬಿಗಿಂತ ಕಡಿಮೆಯದನ್ನು ಮುಟ್ಟಬಾರದು.

ಕಂಪ್ಯೂಟರ್ ಸೈನ್ಸ್‌ನವರ ಕಥೆ ಬೇರೆ. ಸಿ, ಜಾವಾ, ಪೈಥಾನ್ ಕಲಿಯಲು ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಮೆಷಿನ್ ಲರ್ನಿಂಗ್ ಶುರುವಾದಾಗ ಬೇಕಾಗುತ್ತದೆ ಎಂಬುದು ನಿಜ, ಆದರೆ ಗೂಗಲ್ ಕೊಲ್ಯಾಬ್‌ನಂಥ ಕಡೆ ಅದನ್ನು ಮಿತಿಯೊಳಗೆ ಪುಕ್ಕಟೆಯಾಗಿಯೇ ಕೊಡುತ್ತಾರೆ, ಕಾಲೇಜಿನ ಲ್ಯಾಬೂ ಇದೆ. ದಿನಾ ಬಸ್ಸು ಹತ್ತುವ ಹುಡುಗಿಗೆ ಒಳ್ಳೆಯ ಪರದೆಯ 14 ಇಂಚು, 16 ಜಿಬಿ ರ‍್ಯಾಮು, 65 ವಾಟ್‌ನ ಸಣ್ಣ ಚಾರ್ಜರು ಸಾಕು. ಕರೆಂಟು ಹೋದ ಸಂಜೆಯಲ್ಲೂ ಅಸೈನ್‌ಮೆಂಟ್ ಮುಗಿಯುತ್ತದೆ.

ತಂದೆಯ ಕಣ್ಣಿನ ಕಾಳಜಿಗೆ ಉತ್ತರ ಲ್ಯಾಪ್‌ಟಾಪಿನ ಹೊರಗಿದೆ. 24 ಇಂಚಿನ ಮಾನಿಟರ್ ಹತ್ತು ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಅದರ ವಿಸ್ತೀರ್ಣ 15.6 ಇಂಚಿನ ಪರದೆಯ ಎರಡೂಕಾಲು ಪಟ್ಟಿಗಿಂತ ಹೆಚ್ಚು, ಕನ್ನಡದ ಎರಡು ಪುಟ ಅಕ್ಕಪಕ್ಕ ನಿಲ್ಲುತ್ತವೆ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೈಗೆ ಸರಿಯಾದರೆ ಕತ್ತು ಬಗ್ಗುತ್ತದೆ, ಕತ್ತಿಗೆ ಸರಿಯಾದರೆ ಕೈ ಮೇಲೇರುತ್ತದೆ. ಹದಿನೇಳು ಇಂಚು ಕೊಂಡರೂ ಅದು ತಪ್ಪದು. ಮಾನಿಟರಿನ ಜೊತೆ ಬಿಡಿ ಕೀಲಿಮಣೆಯೊಂದನ್ನು ಕೊಂಡರೆ ಆ ತಾಪತ್ರಯವೂ ಇಲ್ಲ, ಬೇಕೆಂದವರಿಗೆ ನಂಬರ್ ಪ್ಯಾಡೂ ಬಂತು. ವರ್ಷಗಳು ಕಳೆದು ಲ್ಯಾಪ್‌ಟಾಪ್ ಬದಲಾದರೂ ಮಾನಿಟರ್ ಉಳಿಯುತ್ತದೆ.

ಈ ಜೋಡಿಗೆ ಹೊರಟವರು ಒಂದನ್ನು ಮಾತ್ರ ಅಂಗಡಿಯಲ್ಲೇ ಖಾತ್ರಿ ಮಾಡಿಕೊಳ್ಳಬೇಕು. ಲ್ಯಾಪ್‌ಟಾಪಿನ ಟೈಪ್-ಸಿ ಕಿಂಡಿಗಳೆಲ್ಲ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಕೆಲವು ಚಾರ್ಜನ್ನೂ ಚಿತ್ರವನ್ನೂ ಒಂದೇ ಕೇಬಲ್ಲಿನಲ್ಲಿ ಸಾಗಿಸುತ್ತವೆ, ಅಗ್ಗದ ಹಲವು ಯಂತ್ರಗಳಲ್ಲಿ ಬರೀ ಪೆನ್‌ಡ್ರೈವ್ ನಡೆಯುತ್ತದೆ. ವಿವರಪಟ್ಟಿಯಲ್ಲಿ ಡಿಸ್‌ಪ್ಲೇಪೋರ್ಟ್, ಪವರ್ ಡೆಲಿವರಿ ಎಂಬ ಎರಡು ಹೆಸರು ಕಂಡು, ಮಾನಿಟರಿನಲ್ಲೂ ಅಂಥದೇ ಕಿಂಡಿ ಇದ್ದರೆ ಒಂದೇ ಕೇಬಲ್ ಸಾಕು. ಇಲ್ಲವಾದರೆ ಎಚ್‌ಡಿಎಂಐ ಕಿಂಡಿ ಇದೆಯೇ ಎಂದು ನೋಡಿ, ಅದರ ಕೇಬಲ್ಲನ್ನು ಅಲ್ಲೇ ಮುನ್ನೂರು ರೂಪಾಯಿ ಒಳಗೆ ಚೌಕಾಸಿ ಮಾಡಿ ತನ್ನಿ.